ಮುಪ್ಪಿನ ಪಿಂಚಣಿಯನ್ನು ರಾಗಿಯಲ್ಲಿ ಅಳೆಯೋಣ

(ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ರೈತರ ಮುಂದೆ ಆಡಿದ ಮಾತಿನ ಬರಹ ರೂಪ)



ಬೆಲೆಯ ಬಗ್ಗೆ ನಾವು ಎಷ್ಟೋ ಸಲ ಕೂತು ಮಾತಾಡಿದ್ದೇವೆ. ಈರುಳ್ಳಿಗೆ ಏನು ರೇಟು, ಮೆಕ್ಕೆಜೋಳಕ್ಕೆ ಏನು ರೇಟು, ಭೀಮಸಮುದ್ರದಲ್ಲಿ ಅಡಿಕೆ ಎಷ್ಟಕ್ಕೆ ನಿಂತಿದೆ, ಕೊಬ್ಬರಿ ಯಾಕೆ ಬಿತ್ತು, ಇವೆಲ್ಲ ನಮಗೆ ಬಾಯಿಪಾಠ. ಆದರೆ ಬೆಳೆದವನಿಗೇ ವಯಸ್ಸಾಗಿ, ನೇಗಿಲು ಹಿಡಿಯೋ ಕೈ ನಡುಗೋಕೆ ಶುರುವಾದ ಮೇಲೆ ಅವನಿಗೆ ಏನು ರೇಟು? ಈ ಪ್ರಶ್ನೆಯನ್ನು ಮಾತ್ರ ನಾವು ಕೇಳೋದಿಲ್ಲ. ಕೇಳೋಕೆ ನಾಚಿಕೆ. ಅಪ್ಪ ಅಮ್ಮನನ್ನು ನೋಡಿಕೊಳ್ಳೋದು ಮಕ್ಕಳ ಧರ್ಮ, ಅದರಲ್ಲಿ ಸರ್ಕಾರದ ಮಾತೇನು ಅಂತ ಸುಮ್ಮನಾಗುತ್ತೇವೆ.

ಧರ್ಮ ಸರಿ. ಲೆಕ್ಕ ಏನಾಗಿದೆ ಅಂತ ಒಂದು ಸಲ ನೋಡೋಣ ಬನ್ನಿ. ಇವತ್ತು ನಾನು ಹೇಳೋದು ಎರಡು ಮಾತು. ಒಂದು, ಮುದುಕರಿಗೆ ಸಿಗುತ್ತಿರೋದು ನ್ಯಾಯವಾ ಅನ್ನೋದು. ಇನ್ನೊಂದು, ಅದನ್ನು ಹೆಚ್ಚಿಸಿ ಅಂತ ನಾವು ಕೇಳಿದರೆ ಆ ಭಾರ ನಮ್ಮ ಮಕ್ಕಳು ಮೊಮ್ಮಕ್ಕಳ ಹೆಗಲಿಗೆ ಬೀಳುತ್ತದೋ ಏನೋ ಅನ್ನೋದು. ಎರಡನ್ನೂ ಒಟ್ಟಿಗೆ ಕೇಳಬೇಕು. ಒಂದನ್ನೇ ಕೇಳುವವನು ಅರ್ಧ ತಕ್ಕಡಿ ಹಿಡಿದವನು.

ಮೊದಲು ಅಳತೆ. ರೂಪಾಯಿಯಲ್ಲಿ ಅಳೆದರೆ ಮೋಸ ಹೋಗುತ್ತೇವೆ, ಯಾಕಂದ್ರೆ ರೂಪಾಯಿಯೇ ವರ್ಷ ವರ್ಷ ಸವೆಯುತ್ತೆ. ಆದ್ದರಿಂದ ನಮಗೆ ಗೊತ್ತಿರೋ ರಾಗಿಯಲ್ಲೇ ಅಳೆಯೋಣ.

2007ರಲ್ಲಿ ರಾಜ್ಯ ಸರ್ಕಾರ ಸಂಧ್ಯಾ ಸುರಕ್ಷಾ ಯೋಜನೆ ತಂದಿತು. 65 ವರ್ಷ ದಾಟಿದ ಸಣ್ಣ ರೈತರಿಗೆ, ಅತಿ ಸಣ್ಣ ರೈತರಿಗೆ, ಕೂಲಿಕಾರರಿಗೆ, ನೇಕಾರರಿಗೆ ತಿಂಗಳಿಗೆ 400 ರೂಪಾಯಿ. ಆ ವರ್ಷ, ಅಂದರೆ 2007-08ರಲ್ಲಿ, ರಾಗಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 600 ರೂಪಾಯಿ. ಲೆಕ್ಕ ಹಾಕಿ: ಆ 400 ರೂಪಾಯಿ ಅಂದರೆ 66 ಕೆ.ಜಿ. ರಾಗಿ. ಗಂಡ ಹೆಂಡತಿ ಇಬ್ಬರು ಉಂಡು ಮಿಗೋವಷ್ಟು.

2021ರ ಜುಲೈನಲ್ಲಿ ಬಸವರಾಜ ಬೊಮ್ಮಾಯಿಯವರು ಮುಖ್ಯಮಂತ್ರಿಯಾದ ದಿನವೇ ಇದನ್ನು 1,000ದಿಂದ 1,200ಕ್ಕೆ ಏರಿಸಿದರು. 2021-22ರ ರಾಗಿ ಬೆಂಬಲ ಬೆಲೆ 3,377. ಅಂದರೆ ಸುಮಾರು 35 ಕೆ.ಜಿ. ಮುಂದೆ 2025-26ರಲ್ಲಿ ರಾಗಿಗೆ 4,886 ರೂಪಾಯಿ ನಿಗದಿಯಾಯಿತು. ಅದೇ 1,200 ರೂಪಾಯಿಗೆ ಆ ವರ್ಷ ಬಂದದ್ದು ಇಪ್ಪತ್ನಾಲ್ಕೂವರೆ ಕೆ.ಜಿ. ರೂಪಾಯಿ ಮೂರು ಪಟ್ಟು ಹೆಚ್ಚಿತು, ರಾಗಿ ಮೂರನೇ ಒಂದು ಪಾಲಿಗಿಂತ ಸ್ವಲ್ಪ ಮೇಲೆ ನಿಂತಿತು. ಹೆಚ್ಚಿಸಿದೆವು ಅಂತ ಹೇಳಿಕೊಂಡೇ ಇಳಿಸಿದ್ದು ಇದು.

ಇದಕ್ಕೆ ಒಬ್ಬ ಬುದ್ಧಿವಂತ ಎದ್ದು ನಿಂತು ಹೇಳಬಹುದು: ಸ್ವಾಮಿ, ರಾಗಿಯ ಬೆಂಬಲ ಬೆಲೆ ಉಳಿದ ಸಾಮಾನುಗಳಿಗಿಂತ ಜೋರಾಗಿ ಏರಿದೆ, ನಿಮ್ಮ ತಕ್ಕಡಿ ಬಿಗಿಯಾಯಿತು ಅಂತ. ಒಪ್ಪಿದೆ. ಬೇರೆ ಸಾಮಾನು ಹಾಕಿ ತೂಗಿದರೆ ಇಳಿತ ಇಷ್ಟು ಕಾಣದೇ ಇರಬಹುದು. ಆದರೆ ಕೇಂದ್ರ ಸರ್ಕಾರದ ಪಾಲನ್ನು ಯಾವ ತಕ್ಕಡಿಗೆ ಹಾಕುತ್ತೀರಿ ಹೇಳಿ. 1995ರ ಆಗಸ್ಟ್ 15ರಂದು ರಾಷ್ಟ್ರೀಯ ವೃದ್ಧಾಪ್ಯ ಪಿಂಚಣಿ ಶುರುವಾದಾಗ ದಿಲ್ಲಿ ಕೊಟ್ಟದ್ದು 75 ರೂಪಾಯಿ. 2006ರಲ್ಲಿ 200 ಆಯಿತು. 2011ರಲ್ಲಿ ವಯಸ್ಸನ್ನು 65ರಿಂದ 60ಕ್ಕೆ ಇಳಿಸಿ, 80 ದಾಟಿದವರಿಗೆ 500 ಮಾಡಿದರು. 80ರ ಒಳಗಿನವರಿಗೆ ಮಾತ್ರ ಆ 200 ಅಲ್ಲೇ ನಿಂತುಬಿಟ್ಟಿತು. 2007ರಲ್ಲಿ ಅದು 33 ಕೆ.ಜಿ. ರಾಗಿ. 2025ರಲ್ಲಿ ನಾಲ್ಕು ಕೆ.ಜಿ. ಅಷ್ಟೆ. ಅದನ್ನು ಪಿಂಚಣಿ ಅಂತ ಕರೆಯೋದಕ್ಕೇ ನಾಲಿಗೆ ಬರೋದಿಲ್ಲ.

ಇನ್ನು ಯಾರಿಗೆ ಸಿಗುತ್ತೆ ಅನ್ನೋದು ನೋಡಿ. ಹಳ್ಳಿಯಲ್ಲಿ ಕುಟುಂಬದ ವರ್ಷದ ಆದಾಯ 32 ಸಾವಿರ ಮೀರಬಾರದು ಅನ್ನೋ ಮಿತಿ ಹಾಕಿದ್ದಾರೆ. 2025-26ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370. ನೂರು ದಿನ ದುಡಿದರೆ 37 ಸಾವಿರ. ಅಂದರೆ ಸರ್ಕಾರವೇ ಕೊಟ್ಟ ಕೂಲಿಯನ್ನು ಪೂರ್ತಿ ದುಡಿದ ಮನೆ, ಸರ್ಕಾರದ ಲೆಕ್ಕದಲ್ಲಿ ಪಿಂಚಣಿಗೆ ಅನರ್ಹ! ಹೀಗೆ ಮಿತಿ ಇಟ್ಟರೆ ಏನಾಗುತ್ತೆ? ಎಲ್ಲರೂ ಸುಳ್ಳು ಆದಾಯ ಪತ್ರ ತರಬೇಕು. ಸುಳ್ಳು ಪತ್ರ ಸುಲಭವಾಗಿ ಯಾರಿಗೆ ಸಿಗುತ್ತೆ ಅನ್ನೋದನ್ನ ನಾನು ಹೇಳಬೇಕಾ?

ಇಲ್ಲಿ ನಮ್ಮ ಬೆನ್ನನ್ನೂ ನಾವೇ ನೋಡಿಕೊಳ್ಳಬೇಕು. ಹದಿನೈದು ಎಕರೆ ಅಡಿಕೆ ತೋಟ ಇರೋ ಮನೆಯ ಯಜಮಾನ ನಾಡಕಚೇರಿಗೆ ಹೋಗಿ ಸಂಧ್ಯಾ ಸುರಕ್ಷಾ ಮಾಡಿಸಿಕೊಂಡು ಬರುತ್ತಾನೆ. ಅದೇ ತೋಟದಲ್ಲಿ ಮೂವತ್ತು ವರ್ಷ ಅಡಿಕೆ ಸುಲಿದ ಮುದುಕಿಗೆ ಆಧಾರ್‌ನಲ್ಲಿ ವಯಸ್ಸು ತಪ್ಪಾಗಿದೆ ಅಂತ ಅರ್ಜಿ ವಾಪಸ್ ಬರುತ್ತೆ. ಈ ಅನ್ಯಾಯವನ್ನು ದಿಲ್ಲಿ ಮಾಡಿದ್ದಲ್ಲ, ಬೆಂಗಳೂರು ಮಾಡಿದ್ದಲ್ಲ. ಊರಿನ ಕಟ್ಟೆ ಮೇಲೆ ಕೂತ ನಾವು ನೋಡಿ ಸುಮ್ಮನಿದ್ದದ್ದು.

ಈಗ ಇನ್ನೊಂದು ಕಡೆ ತಿರುಗಿ. ಸರ್ಕಾರಿ ನೌಕರರ ಪಿಂಚಣಿ. ಇದರ ಬಗ್ಗೆ ಮಾತಾಡಿದರೆ ನಮ್ಮ ಮನೆಯಲ್ಲೇ ಜಗಳ, ಯಾಕಂದ್ರೆ ಮೇಷ್ಟ್ರು, ಪೊಲೀಸ್, ಗುಮಾಸ್ತ ಆಗಿರೋರು ನಮ್ಮ ಮಕ್ಕಳೇ, ನಮ್ಮ ಅಳಿಯಂದಿರೇ. ಜಗಳ ಬೇಡ, ಲೆಕ್ಕ ಸಾಕು.

ಕರ್ನಾಟಕದಲ್ಲಿ 2006ರ ಏಪ್ರಿಲ್ 1ಕ್ಕೆ ಮುಂಚೆ ಕೆಲಸಕ್ಕೆ ಸೇರಿದವರಿಗೆ ಹಳೇ ಪಿಂಚಣಿ: ಪೂರ್ತಿ ಸೇವೆ ಮಾಡಿದವರಿಗೆ ಕೊನೆಯ ಮೂಲ ವೇತನದ ಅರ್ಧ, ಅದರ ಮೇಲೆ ಬೆಲೆ ಏರಿದ ಹಾಗೆ ತುಟ್ಟಿಭತ್ಯೆ. ಆಮೇಲೆ ಸೇರಿದವರಿಗೆ ಹೊಸ ಪಿಂಚಣಿ. ಸಂಬಳದಲ್ಲಿ ನೂರಕ್ಕೆ ಹತ್ತು ಹಿಡಿಯುತ್ತಾರೆ, ಸರ್ಕಾರ ತನ್ನ ಪಾಲು ಹಾಕುತ್ತೆ, ಆ ಗಂಟನ್ನು ಮಾರುಕಟ್ಟೆಯಲ್ಲಿ ತೊಡಗಿಸುತ್ತಾರೆ. ನಿವೃತ್ತಿಯ ದಿನ ಮಾರುಕಟ್ಟೆ ಹೇಗಿದೆಯೋ ಹಾಗೆ ಪಿಂಚಣಿ. ಬೆಳೆ ಕಟಾವಿನ ದಿನ ರೇಟು ಬಿದ್ದರೆ ಏನಾಗುತ್ತೆ ಅಂತ ನಮಗೆ ಬೇರೆಯವರು ಹೇಳಿಕೊಡಬೇಕಿಲ್ಲ. ಆದ್ದರಿಂದ ಆ ನೌಕರರ ಹೆದರಿಕೆ ಸುಳ್ಳಲ್ಲ. 2023ರ ಮಾರ್ಚ್ 1ರಂದು ಅವರು ಮುಷ್ಕರ ಹೂಡಿದ್ದು, ಹಳೇ ಪಿಂಚಣಿ ಕೇಳಿದ್ದು ಅದಕ್ಕೇ.

ಆದರೆ ಹಳೇ ಪಿಂಚಣಿಯ ಗುಟ್ಟೇನು ಅಂತ ತಿಳಿಯಬೇಕು. ಅದರಲ್ಲಿ ಗಂಟು ಇಲ್ಲ. ಈ ವರ್ಷದ ಪಿಂಚಣಿಯನ್ನು ಈ ವರ್ಷದ ತೆರಿಗೆಯಿಂದ ಕೊಡೋದು. ಈವತ್ತು ಹಳೇ ಪಿಂಚಣಿ ಕೊಡುತ್ತೇವೆ ಅಂತ ಒಬ್ಬ ಮುಖ್ಯಮಂತ್ರಿ ಘೋಷಿಸಿದರೆ ಅವರ ಕಾಲದಲ್ಲಿ ಖರ್ಚು ಬರೋದೇ ಇಲ್ಲ. ಉಲ್ಟಾ ಸರ್ಕಾರ ತನ್ನ ಪಾಲು ಕಟ್ಟೋದು ನಿಂತು ಉಳಿತಾಯವೇ ಕಾಣುತ್ತೆ. 2006ರಲ್ಲಿ 25ನೇ ವಯಸ್ಸಿಗೆ ಸೇರಿದವನು ನಿವೃತ್ತನಾಗೋದು 2041ರಲ್ಲಿ. ಬಿಲ್ಲು ಬರೋದು ಆಗ. ಕಟ್ಟೋನು ಈವತ್ತು ಅಂಗನವಾಡಿಯಲ್ಲಿ ಆಡ್ತಿರೋ ಮಗು. ಆ ಮಗುವಿಗೆ ಓಟಿಲ್ಲ, ಮುಷ್ಕರವಿಲ್ಲ, ಸಂಘವಿಲ್ಲ. ಎಲ್ಲಾ ರಾಜ್ಯಗಳೂ ಹಳೇ ಪದ್ಧತಿಗೆ ಮರಳಿದರೆ ಒಟ್ಟು ಹೊರೆ ಹೊಸ ಪದ್ಧತಿಯ ನಾಲ್ಕೂವರೆ ಪಟ್ಟಿನವರೆಗೂ ಹೋಗಬಹುದು ಅಂತ 2023ರಲ್ಲಿ ರಿಸರ್ವ್ ಬ್ಯಾಂಕಿನ ಅಧ್ಯಯನವೊಂದು ಲೆಕ್ಕ ಹಾಕಿತು. ಕೇಂದ್ರ ಸರ್ಕಾರ ನಡುವಿನ ದಾರಿ ಅಂತ 2025ರ ಏಪ್ರಿಲ್ 1ರಿಂದ ಏಕೀಕೃತ ಪಿಂಚಣಿ ತಂದಿತು: 25 ವರ್ಷ ಸೇವೆ ಆಗಿದ್ದರೆ ಕೊನೆಯ 12 ತಿಂಗಳ ಸರಾಸರಿ ಮೂಲ ವೇತನದ ಅರ್ಧ, 10 ವರ್ಷ ಆಗಿದ್ದರೆ ಕನಿಷ್ಠ 10 ಸಾವಿರ. ಆದರೆ ನೌಕರನೂ ತನ್ನ ಪಾಲು ಕಟ್ಟಬೇಕು. ಕಟ್ಟಿದವನಿಗೆ ಖಾತ್ರಿ ಇರಲಿ ಅನ್ನೋದು ನನಗೂ ಸರಿ ಕಾಣುತ್ತೆ.

ಈಗ ತಕ್ಕಡಿ ಎತ್ತಿ. ಏಳನೇ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್ 1ರಿಂದ ಜಾರಿಯಾದಾಗ ರಾಜ್ಯ ನೌಕರರ ಕನಿಷ್ಠ ಪಿಂಚಣಿ 8,500ರಿಂದ 13,500 ಆಯಿತು. 2025-26ರ ರಾಗಿ ಲೆಕ್ಕದಲ್ಲಿ 276 ಕೆ.ಜಿ. 2025ರ ಮಾರ್ಚ್‌ನಲ್ಲಿ ಮಾಜಿ ಶಾಸಕರ ಪಿಂಚಣಿಯನ್ನು 50 ಸಾವಿರದಿಂದ 75 ಸಾವಿರಕ್ಕೆ ಏರಿಸಿದರು. ಹದಿನೈದು ಕ್ವಿಂಟಾಲ್ ಮೂವತ್ತೈದು ಕೆ.ಜಿ. ರಾಗಿ! ಆ ರಾಗಿ ಬೆಳೆದ ಮುದುಕನಿಗೆ ಇಪ್ಪತ್ನಾಲ್ಕೂವರೆ ಕೆ.ಜಿ. ಎಲ್ಲರೂ ಒಂದೇ ಬೊಕ್ಕಸದಿಂದ ಉಣ್ಣೋರು, ಗಂಗಳ ಮಾತ್ರ ಬೇರೆ ಬೇರೆ.

ನಾವು ಆದಾಯ ತೆರಿಗೆ ಕಟ್ಟೋದಿಲ್ಲ, ಆದ್ದರಿಂದ ಕೇಳೋ ಹಕ್ಕಿಲ್ಲ ಅನ್ನೋರಿದ್ದಾರೆ. ಬೇಸಾಯದ ಆದಾಯಕ್ಕೆ ಆದಾಯ ತೆರಿಗೆ ಇಲ್ಲ ಅನ್ನೋದು ನಿಜ. ಆದರೆ ಪಂಪಿಗೆ, ಪೈಪಿಗೆ, ಸೋಪಿಗೆ, ಸಿಮೆಂಟಿಗೆ ಕಟ್ಟೋರು ಯಾರು? 2025ರ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ನೂರಕ್ಕೆ 21.17ಕ್ಕೆ ಏರಿಸಿತು. ಟ್ರ್ಯಾಕ್ಟರ್ ಒಂದು ಸಾಲು ಉತ್ತರೆ ಬೊಕ್ಕಸಕ್ಕೆ ಒಂದು ಪಾಲು ಹೋಗುತ್ತೆ. ನಾವೂ ಕಟ್ಟಿದವರೇ.

ರೈತನಿಗೂ ಪಿಂಚಣಿ ಯೋಜನೆ ಮಾಡಿದ್ದೇವಲ್ಲ ಅಂತ ದಿಲ್ಲಿಯವರು ಹೇಳುತ್ತಾರೆ. 2019ರ ಸೆಪ್ಟೆಂಬರ್ 12ರಂದು ಪ್ರಧಾನಮಂತ್ರಿ ಕಿಸಾನ್ ಮಾನ್‌ಧನ್ ಯೋಜನೆ ಶುರುವಾಯಿತು. ಎರಡು ಹೆಕ್ಟೇರ್ ಒಳಗಿನ ರೈತ, ವಯಸ್ಸು 18ರಿಂದ 40. ಸೇರುವ ವಯಸ್ಸಿನ ಪ್ರಕಾರ ತಿಂಗಳಿಗೆ 55ರಿಂದ 200 ರೂಪಾಯಿ ಕಟ್ಟಬೇಕು, ಅಷ್ಟೇ ಸರ್ಕಾರ ಹಾಕುತ್ತೆ, 60ಕ್ಕೆ ತಿಂಗಳಿಗೆ 3,000. ಕೇಳೋಕೆ ಚೆನ್ನಾಗಿದೆ. ಆದರೆ 2019ರಲ್ಲಿ 41 ಆಗಿದ್ದವನಿಗೆ ಬಾಗಿಲೇ ಮುಚ್ಚಿತ್ತು. ನಮ್ಮ ಊರುಗಳಲ್ಲಿ ಪಹಣಿ ಯಾರ ಹೆಸರಲ್ಲಿದೆ ನೋಡಿ, ನಲವತ್ತರ ಒಳಗಿನವರು ಎಷ್ಟು ಜನ ಸಿಗುತ್ತಾರೆ? ಸೇರಿದವನ ಗತಿ ಏನು? ಬೆಲೆ ವರ್ಷಕ್ಕೆ ನೂರಕ್ಕೆ ಆರರಂತೆ ಏರಿದರೂ, 40ಕ್ಕೆ ಸೇರಿದವನಿಗೆ ಇಪ್ಪತ್ತು ವರ್ಷದ ಮೇಲೆ ಬರೋ 3,000 ರೂಪಾಯಿ ಈವತ್ತಿನ 935 ರೂಪಾಯಿಗೆ ಸಮ. 18ಕ್ಕೆ ಸೇರಿದ ಹುಡುಗನಿಗೆ 42 ವರ್ಷ ಕಟ್ಟಿ ಕೊನೆಗೆ ಸಿಗೋದು ಈವತ್ತಿನ 260 ರೂಪಾಯಿ. ತುಟ್ಟಿಭತ್ಯೆ ಇಲ್ಲದ ಪಿಂಚಣಿ, ತಳ ಒಡೆದ ಕೊಡ.

ಹಾಗಾದರೆ ಮಕ್ಕಳು ನೋಡಿಕೊಳ್ಳಲಿ ಅಂತೀರಾ? ನೋಡಿಕೊಳ್ಳೋ ಮಕ್ಕಳು ಎಷ್ಟು ಜನ? ನಮ್ಮ ತಾತಂದಿರ ಕಾಲಕ್ಕೆ ಮನೆಗೆ ಐದಾರು ಮಕ್ಕಳು. ಒಬ್ಬ ಬಿಟ್ಟರೆ ಇನ್ನೊಬ್ಬ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 1.7 ಮಕ್ಕಳು. 2011ರ ಜನಗಣತಿಯಲ್ಲೇ ರಾಜ್ಯದಲ್ಲಿ ನೂರಕ್ಕೆ ಒಂಬತ್ತೂವರೆ ಮಂದಿ 60 ದಾಟಿದವರಿದ್ದರು. ಈಗ ಇನ್ನೂ ಹೆಚ್ಚು. ಇರೋ ಒಬ್ಬ ಮಗ ಬೆಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದಾನೆ. ಅವನ ಮೇಲೆ ಅವನ ಅಪ್ಪ ಅಮ್ಮ, ಹೆಂಡತಿಯ ಅಪ್ಪ ಅಮ್ಮ, ಇಬ್ಬರು ಮಕ್ಕಳ ಫೀಜು. ಅವನು ಕೆಟ್ಟವನಲ್ಲ. ಕೊಡ ಒಂದೇ, ಬಾಯಾರಿದವರು ಏಳೆಂಟು.

ಅದರ ಮೇಲೆ ಸಾಲ. ನಾವು ಮಕ್ಕಳಿಗೆ ಬಿಟ್ಟು ಹೋಗೋದು ಜಮೀನೊಂದೇ ಅಲ್ಲ, ಆ ಜಮೀನಿನ ಮೇಲಿನ ಸಾಲವನ್ನೂ. ಇಲ್ಲೊಂದು ಕಾನೂನು ತಿಳಿದಿರಲಿ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿ ಸೆಪ್ಟೆಂಬರ್ 9ರಿಂದ ಜಾರಿಗೆ ಬಂತು. ಅದರ ನಂತರ ಮಾಡಿದ ಸಾಲಕ್ಕೆ, ಅಪ್ಪನ ಋಣ ತೀರಿಸೋದು ಮಗನ ಧರ್ಮ ಅನ್ನೋ ಒಂದೇ ಕಾರಣದ ಮೇಲೆ ಮಗನನ್ನೋ ಮೊಮ್ಮಗನನ್ನೋ ಹಿಡಿಯೋ ಹಾಗಿಲ್ಲ. ಆದರೆ ಅಡಮಾನ ಬಿದ್ದ ಜಮೀನು ಅಡಮಾನದ ಸಮೇತವೇ ಕೈಗೆ ಬರುತ್ತೆ. ಬಂದ ಆಸ್ತಿಯ ಮಟ್ಟಿಗೆ ಸಾಲವೂ ಬರುತ್ತೆ. ಅಪ್ಪನಿಗೆ ಮುಪ್ಪಿನಲ್ಲಿ ನೆಚ್ಚಿಕೊಳ್ಳೋ ಪಿಂಚಣಿ ಇಲ್ಲದಿದ್ದರೆ ಔಷಧಿಗೂ ಬೆಳೆ ಸಾಲವನ್ನೇ ತೆಗೆಯುತ್ತಾನೆ. ಬೆಳೆ ಸಾಲ ಅಂತ ಪುಸ್ತಕದಲ್ಲಿ ಇರೋದರಲ್ಲಿ ಎಷ್ಟು ಆಸ್ಪತ್ರೆ ಸಾಲ ಅಂತ ನಿಮ್ಮ ನಿಮ್ಮ ಮನಸ್ಸನ್ನೇ ಕೇಳಿಕೊಳ್ಳಿ. ಪಿಂಚಣಿ ಬೇರೆ, ರೈತರ ಸಾಲ ಬೇರೆ ಅನ್ನೋರು ಇದನ್ನು ನೋಡಿಲ್ಲ. ಮುದುಕರಿಗೆ ಕೊಡದ ಪಿಂಚಣಿ ಮಕ್ಕಳ ಪಹಣಿಯಲ್ಲಿ ಸಾಲವಾಗಿ ಕೂತಿದೆ.

ಗಡಿಯಾಚೆ ನೋಡಿ. ಹಿರಿಯೂರು ತಾಲ್ಲೂಕಿನ ಧರ್ಮಪುರದ ಕಡೆಯವರಿಗೆ ಆಂಧ್ರ ದೂರವಲ್ಲ, ನೆಂಟಸ್ತನವೂ ಇದೆ. ಅಲ್ಲಿ 2024ರ ಜುಲೈ 1ರಿಂದ ವೃದ್ಧಾಪ್ಯ ಪಿಂಚಣಿ 4,000 ರೂಪಾಯಿ. ಈಚೆ ಮನೆಯ ಅಜ್ಜಿಗೆ 1,200, ಆಚೆ ಮನೆಯ ಅವಳ ತಂಗಿಗೆ 4,000. ನಮಗೂ ಅಷ್ಟೇ ಕೊಡಿ ಅಂತ ಕೇಳೋದು ಸುಲಭ. ಆದರೆ ಕೇರಳದ ಪಾಠವನ್ನೂ ಕೇಳಿ. 1980ರಲ್ಲೇ ಕೃಷಿ ಕೂಲಿಕಾರರಿಗೆ 45 ರೂಪಾಯಿ ಪಿಂಚಣಿ ಕೊಟ್ಟ ರಾಜ್ಯ ಅದು, ಕೈ ಮುಗಿಯಬೇಕು. ಅದೇ ಕೇರಳದಲ್ಲಿ 2024ರ ಆರಂಭದಲ್ಲಿ 1,600 ರೂಪಾಯಿ ಪಿಂಚಣಿ ಹಲವು ತಿಂಗಳು ಬಾಕಿ ಬಿತ್ತು. ಪಿಂಚಣಿ ಕೊಡೋಕೆಂದೇ ಕಂಪನಿ ಕಟ್ಟಿ ಸಾಲ ಎತ್ತಿದ್ದರು. ಸಾಲ ತಂದು ಕೊಡೋ ಪಿಂಚಣಿ ಎಷ್ಟು ದಿನ ನಡೆದೀತು?

ನಮ್ಮ ಜಿಲ್ಲೆಯಲ್ಲೇ ಇದಕ್ಕೆ ಎರಡು ಸಾಕ್ಷಿ ಇದೆ. ಒಂದು ಮಾರಿಕಣಿವೆ. 1907ರಲ್ಲಿ ಮುಗಿದ ಕಟ್ಟೆ. ಕಟ್ಟಿದವರು ತಮ್ಮ ಕಾಲದ ಹಣದಲ್ಲಿ, ತಮ್ಮ ಕಾಲದ ಬೆವರಿನಲ್ಲಿ ಕಟ್ಟಿದರು. 1933ರಲ್ಲಿ ಕೋಡಿ ಬಿತ್ತು, ಮತ್ತೆ 2022ರಲ್ಲಿ. ಆ ಎರಡನೇ ಕೋಡಿ ನೋಡೋಕೆ ಕಟ್ಟಿದವರಲ್ಲಿ ಒಬ್ಬರೂ ಇರಲಿಲ್ಲ, ನೀರು ಮಾತ್ರ ನಮಗೆ ಬಂತು. ಇನ್ನೊಂದು ನಮ್ಮ ಕೊಳವೆಬಾವಿ. ಎಂಟುನೂರು, ಸಾವಿರ ಅಡಿ ಕೊರೆದು ಮೊಮ್ಮಕ್ಕಳ ನೀರನ್ನು ನಾವು ಎತ್ತಿ ಬಿಟ್ಟೆವು. ಕೊರೆಸಿದ ಸಾಲವನ್ನೂ ಅವರಿಗೇ ಬಿಟ್ಟೆವು. ಪಿಂಚಣಿಯೂ ಈ ಎರಡರಲ್ಲಿ ಒಂದು ಆಗಬೇಕು. ಈ ವರ್ಷದ ಪಿಂಚಣಿಯನ್ನು ಈ ವರ್ಷದ ವರಮಾನದಿಂದ ಕೊಟ್ಟು, ದುಡಿಯೋ ಕಾಲದಲ್ಲೇ ಮುಂದಿನದಕ್ಕೆ ಕೂಡಿಟ್ಟರೆ ಅದು ಕಟ್ಟೆ. ಘೋಷಣೆ ನಮ್ಮದು, ಬಿಲ್ಲು ಮೊಮ್ಮಕ್ಕಳದು ಅಂದರೆ ಅದು ಬೋರು.

ಹಾಗಾದರೆ ಕಟ್ಟೆಯ ಪಿಂಚಣಿ ಸಾಧ್ಯವಾ? ಲೆಕ್ಕ ಹಾಕಿ. ಒಂದು ಲಕ್ಷ ಮುದುಕರಿಗೆ ತಿಂಗಳಿಗೆ 1,200ರಂತೆ ವರ್ಷಕ್ಕೆ 144 ಕೋಟಿ. 2,000 ಮಾಡಿದರೆ 240 ಕೋಟಿ. ಹೆಚ್ಚಿಗೆ 96 ಕೋಟಿ. ಹತ್ತು ಲಕ್ಷ ಜನಕ್ಕೆ 960 ಕೋಟಿ. 2025-26ರ ರಾಜ್ಯ ಬಜೆಟ್ 4,09,549 ಕೋಟಿ. ಅದರಲ್ಲಿ ಇದು ನೂರು ರೂಪಾಯಿಗೆ ಕಾಲು ರೂಪಾಯಿಯೂ ಆಗೋದಿಲ್ಲ. ಮೂವತ್ತು ಲಕ್ಷ ಜನ ಅಂತ ಇಟ್ಟುಕೊಂಡರೂ ಮುಕ್ಕಾಲು ರೂಪಾಯಿಯೊಳಗೆ. ಏಳನೇ ವೇತನ ಆಯೋಗಕ್ಕೆ ವರ್ಷಕ್ಕೆ 20,208 ಕೋಟಿ ಹೆಚ್ಚಿನ ಖರ್ಚು ಅಂತ ಸರ್ಕಾರವೇ ಹೇಳಿತ್ತು. ಅದಕ್ಕೆ ಬೊಕ್ಕಸದಲ್ಲಿ ಜಾಗ ಇದ್ದರೆ ಇದಕ್ಕೂ ಇದೆ, ಸಾಲ ಎತ್ತದೆ.

ಆದ್ದರಿಂದ ನಾವು ಕೇಳಬೇಕಾದ್ದು ಇಷ್ಟು. ಒಂದು: ಸರ್ಕಾರಿ ಪಿಂಚಣಿದಾರರಿಗೆ ತುಟ್ಟಿಭತ್ಯೆ ನೂರಕ್ಕೆ ಎಷ್ಟು ಏರುತ್ತೋ, ಅದೇ ದಿನ ಅಷ್ಟೇ ಪಾಲು ವೃದ್ಧಾಪ್ಯ ಪಿಂಚಣಿಗೂ ಏರಬೇಕು. ಬೆಲೆ ಒಂದೇ ಸಂತೆಯದು, ಹಸಿವಿಗೆ ಎರಡು ಸೂಚ್ಯಂಕ ಇಲ್ಲ. ಎರಡು: ದಿಲ್ಲಿಯ 200 ರೂಪಾಯಿಯನ್ನು 2006ರಲ್ಲಿ ಅದಕ್ಕಿದ್ದ ಬೆಲೆಗೆ ತಂದು ನಿಲ್ಲಿಸಬೇಕು. ಮೂರು: 32 ಸಾವಿರದ ಮಿತಿ ತೆಗೆದು, ಉಳ್ಳವರನ್ನು ಹೊರಗಿಡೋ ನೇರವಾದ ಪಟ್ಟಿ ಮಾಡಬೇಕು, ಆ ಪಟ್ಟಿ ಗ್ರಾಮಸಭೆಯಲ್ಲಿ ಎಲ್ಲರ ಮುಂದೆ ಓದಬೇಕು. ನಾಲ್ಕು: ಯಾವ ಪಿಂಚಣಿಯನ್ನಾದರೂ, ನೌಕರರದ್ದಿರಲಿ ಶಾಸಕರದ್ದಿರಲಿ ನಮ್ಮದಿರಲಿ, ಏರಿಸುವಾಗ ಮುಂದಿನ ಮೂವತ್ತು ವರ್ಷದ ಖರ್ಚನ್ನು ಸದನದ ಮುಂದೆ ಇಡಬೇಕು. ಐದು: ಪಿಂಚಣಿಯನ್ನು ಬ್ಯಾಂಕು ಸಾಲಕ್ಕೆ ಜಮಾ ಮಾಡಿಕೊಳ್ಳಬಾರದು. 2023ರ ಬರದ ಪರಿಹಾರ 2024ರಲ್ಲಿ ಬಂದಾಗ ಕೆಲವು ಕಡೆ ಅದನ್ನು ಸಾಲಕ್ಕೆ ಹಿಡಿದು, ಕೊನೆಗೆ ಜಿಲ್ಲಾಧಿಕಾರಿಗಳೇ ಬೇಡ ಅಂತ ಸೂಚಿಸಬೇಕಾಯಿತು. ಸೂಚನೆ ಸಾಲದು, ಕಾನೂನು ಬೇಕು.

ಇನ್ನು ಮನೆಯೊಳಗಿನ ಮಾತು. ವಯಸ್ಸಾಯಿತು ಅಂತ ಅವಸರಕ್ಕೆ ಜಮೀನನ್ನು ಮಗನಿಗೋ ಮಗಳಿಗೋ ದಾನಪತ್ರ ಮಾಡಿಕೊಡೋರಿಗೆ ಒಂದು ಎಚ್ಚರಿಕೆ. ತಂದೆ ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆ 2007ರಲ್ಲಿ ಬಂದಿದೆ. ಅದರ 23ನೇ ಕಲಂ ಪ್ರಕಾರ, ನೋಡಿಕೊಳ್ಳಬೇಕು ಅನ್ನೋ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ನೋಡಿಕೊಳ್ಳದಿದ್ದರೆ ರದ್ದು ಮಾಡಿಸಬಹುದು. ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ. ತಿಂಗಳಿಗೆ 10 ಸಾವಿರದವರೆಗೆ ಜೀವನಾಂಶವನ್ನೂ ಕೊಡಿಸಬಹುದು. ಆದರೆ ಷರತ್ತು ಇದ್ದದ್ದನ್ನು ತೋರಿಸಬೇಕು ಅಂತ 2022ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದ್ದರಿಂದ ಪತ್ರದಲ್ಲಿ ಒಂದು ಸಾಲು ಬರೆಸಿ: ನಮ್ಮಿಬ್ಬರ ಜೀವ ಇರೋವರೆಗೆ ಅನ್ನ, ಬಟ್ಟೆ, ಔಷಧಿ ಇವನ ಜವಾಬ್ದಾರಿ ಅಂತ. ಇದರಲ್ಲಿ ಮಗನ ಮೇಲೆ ಅನುಮಾನವೇನಿಲ್ಲ. ಬಾವಿಗೆ ಕಟ್ಟೆ ಕಟ್ಟೋದು ನೀರಿನ ಮೇಲಿನ ಸಿಟ್ಟಿಗಲ್ಲ.

ಬಾಂಧವರೇ, ಇಲ್ಲಿಂದ ಊರಿಗೆ ಹೋದ ಮೇಲೆ ಒಂದು ಕೆಲಸ ಮಾಡಿ. ನಿಮ್ಮ ಊರಿನಲ್ಲಿ 65 ದಾಟಿದವರ ಪಟ್ಟಿ ಬರೀರಿ. ಯಾರಿಗೆ ಬರುತ್ತಿದೆ, ಯಾರಿಗೆ ಬರಬೇಕಿತ್ತು ಬರುತ್ತಿಲ್ಲ, ಯಾರಿಗೆ ಬರಬಾರದಿತ್ತು ಬರುತ್ತಿದೆ, ಮೂರನ್ನೂ ಬರೀರಿ. ಮೂರನೆಯದರಲ್ಲಿ ನಿಮ್ಮ ಮನೆಯ ಹೆಸರಿದ್ದರೆ ಅದನ್ನು ಮೊದಲು ಹೊಡೆದುಹಾಕಿ. ಆಮೇಲೆ ಆ ಪಟ್ಟಿ ಹಿಡಿದು ಗ್ರಾಮಸಭೆಗೆ, ನಾಡಕಚೇರಿಗೆ, ತಾಲ್ಲೂಕು ಕಚೇರಿಗೆ ನಡೆಯಿರಿ. ಶುದ್ಧ ಪಟ್ಟಿ ಹಿಡಿದ ಕೈಯನ್ನು ಯಾವ ಅಧಿಕಾರಿಯೂ ತಳ್ಳೋದು ಕಷ್ಟ. ಮುದುಕರಿಗೆ ನ್ಯಾಯ ಕೇಳೋಣ, ಮಕ್ಕಳಿಗೆ ಸಾಲ ಬಿಡದ ಹಾಗೆ ಕೇಳೋಣ. ಎರಡೂ ಒಟ್ಟಿಗೆ ಕೇಳಿದರೆ ಮಾತ್ರ ನಮ್ಮ ಮಾತಿಗೆ ತೂಕ.